ಗೋಣಿತಟ್ಟಿಗೆ ಸುರಿದ ನೀರು

ಹೋದ ಬೇಸಿಗೆಯಲ್ಲಿ ಮಸ್ಕಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಕಬ್ಬಿನ ಹಾಲು ಮಾರುವವನ ಸಣ್ಣ ಡೀಸೆಲ್ ಎಂಜಿನ್ ಕಾದು ನಿಂತುಬಿಟ್ಟಿತ್ತು. ಅವನು ಬಕೀಟಿನಲ್ಲಿ ನೆನೆಹಾಕಿದ್ದ ಗೋಣಿತಟ್ಟನ್ನು ತೆಗೆದು ಅದರ ಮೇಲೆ ಹೊದಿಸಿದ. ಚುಂಯ್ ಎಂದು ಹಬೆ ಎದ್ದಿತು, ಜೊತೆಗೆ ಆ ವಾಸನೆ. ಸೆಣಬು, ಸುಟ್ಟ ಎಣ್ಣೆ, ಬಿಸಿ ಕಬ್ಬಿಣ. ಕೈಯಲ್ಲಿದ್ದ ಗ್ಲಾಸನ್ನು ಹಾಗೇ ಕೆಳಗಿಟ್ಟು ಎದ್ದುಬಂದೆ. "ಯಾಕ್ರಿ ಯಜಮಾನ್ರ, ನೊಣ ಬಿದ್ದಿತ್ತೇನ್ರಿ?" ಎಂದು ಅವನು ಹಿಂದಿನಿಂದ ಕೂಗಿದ. ಅವನಿಗೆ ಏನೆಂದು ಹೇಳಲಿ? ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಆ ವಾಸನೆ ಬಂದರೆ ನನಗೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ.

ಅದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಸಿಂಧನೂರಿನಲ್ಲಿ ಮಸ್ಕಿ ರಸ್ತೆಗೆ ನನ್ನ ಶೆಡ್ಡು. ತಗಡಿನ ಸೂರು, ಮುಂದೆ ಎರಡು ಬೇವಿನ ಗಿಡ, ಗ್ರೀಸು ಕುಡಿದು ಕರ್ರಗಾದ ನೆಲ. ನಾನು ವಿರುಪಾಕ್ಷಿ, ಎಂಜಿನ್ ಮೇಸ್ತ್ರಿ. ಮಂದಿ ಕರೆಯುತ್ತಿದ್ದದ್ದು ಕಿವಿ ವಿರುಪಾಕ್ಷಿ ಎಂದು, ಆ ಹೆಸರಿಗೆ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ.

ಹೆಸರು ಬಂದದ್ದು ಹೀಗೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರುವುದಕ್ಕೆ ಒಂದು ಹೊತ್ತಿದೆ. ಪಿಸ್ಟನ್ ಮೇಲೇರಿ ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮೊದಲು ಅದು ಹಾರಬೇಕು. ತೀರ ಮೊದಲೇ ಹಾರಿದರೆ ಒಳಗೆ ಠಣಠಣ ಬಡಿಯುತ್ತದೆ, ತಡವಾದರೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ, ಅಲ್ಲಿ ಎಣ್ಣೆ ಚಿಮ್ಮುವುದಕ್ಕೇ ಆ ಹೊತ್ತು. ಇದನ್ನು ಹೊಂದಿಸಲೆಂದೇ ಚಕ್ರದ ಮೇಲೆ ಗುರುತು ಕೊರೆದಿರುತ್ತಾರೆ, ಆ ಗುರುತು ನೋಡಲು ಮಿಂಚುವ ದೀಪವಿರುತ್ತದೆ. ನನಗೆ ಗುರುತೂ ಬೇಕಿರಲಿಲ್ಲ, ದೀಪವೂ ಬೇಕಿರಲಿಲ್ಲ. ಕಾರು ಜೀಪುಗಳ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕಣ್ಣು ಮುಚ್ಚಿ, ಅತ್ತ ಇತ್ತ ಚೂರು ತಿರುವುತ್ತಿದ್ದೆ. ಸದ್ದು ದುಂಡಗಾಯಿತು ಅನ್ನಿಸಿದ ಕೂಡಲೇ ನಟ್ಟು ಬಿಗಿ. ಹತ್ತರಲ್ಲಿ ಒಂಬತ್ತು ಸಲ ಅದು ಗುರುತಿನ ಮೇಲೇ ಕೂತಿರುತ್ತಿತ್ತು. ಹತ್ತನೆಯದರಲ್ಲಿ ಗುರುತೇ ತಪ್ಪು ಎಂದು ವಾದಿಸುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಆ ಬೇಸಿಗೆಯಲ್ಲಿ ಉಣ್ಣಲೂ ಪುರಸೊತ್ತಿರಲಿಲ್ಲ. ಗೊರೇಬಾಳ, ಮುಕ್ಕುಂದ, ಆರ್.ಎಚ್. ಕ್ಯಾಂಪು, ಎಲ್ಲಿ ನೋಡಿದರೂ ಭತ್ತದ ಕೊಯ್ಲು. ದೂರದಿಂದ ಬಂದ ಕೊಯ್ಲು ಯಂತ್ರಗಳು ಹಗಲೆಲ್ಲ ಗುರುಗುಟ್ಟುತ್ತಿದ್ದವು. ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು, ಮಿಕ್ಕರ್ಧದಲ್ಲಿ ಬಸ್ಸು, ಲಾರಿ, ಎತ್ತು, ಮಂದಿ. ಹೊಟ್ಟಿನ ಧೂಳು ಬೆವರಿಗೆ ಮೆತ್ತಿ ಮೈ ತುರಿಸುತ್ತಿತ್ತು. ಕಾಲುವೆಗೆ ನೀರು ನಿಲ್ಲಿಸಿದ್ದರು. ಹತ್ತು ಗಂಟೆಗೇ ತಗಡು ಕಾದು ಶೆಡ್ಡಿನಲ್ಲಿ ಸ್ಪ್ಯಾನರ್ ಮುಟ್ಟಲು ಬಟ್ಟೆ ಬೇಕಾಗುತ್ತಿತ್ತು.

ಅಂಥ ದಿನವೊಂದರಲ್ಲಿ ಹುಸೇನಪ್ಪ ಬಂದ. ನಾವಿಬ್ಬರೂ ಒಂದು ಕಾಲದಲ್ಲಿ ಒಂದೇ ಲಾರಿಯ ಕ್ಲೀನರುಗಳು, ಒಂದೇ ತಟ್ಟೆಯಲ್ಲಿ ಉಂಡವರು. ನಾನು ಎಂಜಿನ್ ಹಿಡಿದೆ, ಅವನು ಸ್ಟಿಯರಿಂಗ್ ಹಿಡಿದ. ಈಗ ಮಸ್ಕಿಯ ಅಡತಿ ಸಾಹುಕಾರರ ಕಾರಿನ ಡ್ರೈವರ್. ಮದುವೆಯಾಗಿ ಏಳು ವರ್ಷಕ್ಕೆ ಅವನ ಹೆಂಡತಿ ದುರುಗಮ್ಮ ಬಸುರಾಗಿದ್ದಳು. ಆ ಸುದ್ದಿಯನ್ನು ಅವನು ಮಸ್ಕಿಯಿಂದ ಸಿಂಧನೂರಿನವರೆಗೆ ಪ್ರತಿ ಚಹದಂಗಡಿಯಲ್ಲಿ ಹೇಳಿಯಾಗಿತ್ತು.

ಸಾಹುಕಾರರು ಆ ವರ್ಷ ಹೊಸ ನಮೂನೆಯ ಕಾರು ಕೊಂಡಿದ್ದರು. ಕಾರ್ಬುರೇಟರ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಕಂಪ್ಯೂಟರ್ ಗಾಡಿ ಎಂದು ಜನ ಅದನ್ನು ಮುಟ್ಟಿ ನೋಡುತ್ತಿದ್ದರು.

"ಲೇ ವಿರುಪಾಕ್ಷಿ, ಇದು ನಡು ದಾರ್ಯಾಗ ಬಂದ್ ಬೀಳಾಕತ್ತೈತಿ ನೋಡು," ಅಂದ ಹುಸೇನಪ್ಪ. "ಅರ್ಧ ತಾಸು ನಿಂದ್ರಿಸಿದ್ರ ಮತ್ತ ತಾನ ಚಾಲೂ ಆಗತೈತಿ."

"ಮುಂಜಾನಿ ಬಂದ್ ಬಿದ್ದೈತೇನು?"

"ಇಲ್ಲ. ಬಿಸಲೇರಿದ ಮ್ಯಾಲೇ."

ನಮ್ಮ ರಾಯಚೂರು ಸೀಮೆಯಲ್ಲಿ ಈ ರೋಗಕ್ಕೆ ಮದ್ದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಬಿಸಿಲಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಗಾಳಿ ಕಟ್ಟುತ್ತದೆ, ಎಂಜಿನ್ ನಿಲ್ಲುತ್ತದೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಗೋಣಿತಟ್ಟು ಹಾಕಿ ನೀರು ಸುರಿದರೆ ಆವಿ ಇಳಿದು ಮತ್ತೆ ಹೊರಡುತ್ತದೆ. ಬೇಸಿಗೆ ಬಂತೆಂದರೆ ಎಲ್ಲ ಜೀಪು ಕಾರುಗಳ ಡಿಕ್ಕಿಯಲ್ಲಿ ಒಂದು ತುಂಡು ಗೋಣಿತಟ್ಟು, ಒಂದು ಕ್ಯಾನ್ ನೀರು ಇದ್ದೇ ಇರುತ್ತಿತ್ತು.

ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿನ ಮೇಲೆ ಪಂಪೇ ಕಾಣಲಿಲ್ಲ. ಆ ಗಾಡಿಗಳಲ್ಲಿ ಪಂಪು ಪೆಟ್ರೋಲ್ ಟ್ಯಾಂಕಿನೊಳಗೇ ಮುಳುಗಿರುತ್ತದೆ, ಒತ್ತಡದಲ್ಲಿ ಬರುವ ಪೆಟ್ರೋಲಿಗೆ ಅಷ್ಟು ಸುಲಭಕ್ಕೆ ಗಾಳಿ ಕಟ್ಟುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಪಂಪು ಸಿಗದಿದ್ದರೇನಂತೆ, ಪೈಪು ಇತ್ತಲ್ಲ. ತಟ್ಟನ್ನು ಪೈಪಿಗೇ ಸುತ್ತುವುದೆಂದುಕೊಂಡೆ.

ಇಬ್ಬರೂ ಕಾರು ಹತ್ತಿ ಹೊರಟೆವು. ಗೊರೇಬಾಳ ದಾಟಿ ಸ್ವಲ್ಪ ದೂರ ಹೋದಾಗ ಎಂಜಿನ್ ಸದ್ದಿಲ್ಲದೆ ಸತ್ತಿತು. ತಟ್ಟು ಸುತ್ತಿ ನೀರು ಸುರಿದೆ. ಮರದ ನೆರಳಿನಲ್ಲಿ ಕೂತು ಬೀಡಿ ಸೇದಿದೆವು, ಹುಟ್ಟುವುದು ಗಂಡೋ ಹೆಣ್ಣೋ ಎಂದು ಹರಟಿದೆವು. ಅರ್ಧ ತಾಸಾದ ಮೇಲೆ ಚಾವಿ ತಿರುವಿದರೆ ಒಂದೇ ಸಲಕ್ಕೆ ಚಾಲೂ. "ನೋಡಿದ್ಯಾ?" ಅಂದೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಗಿತ್ತು, ಅಷ್ಟೆ. ಗಾಡಿ ತಣ್ಣಗಾದದ್ದು ನಾವು ಕಾದದ್ದರಿಂದ, ಹೆಸರು ಮಾತ್ರ ತಟ್ಟಿಗೆ ಬಂತು.

ಶೆಡ್ಡಿಗೆ ಮರಳಿದ ಮೇಲೆ ಐದು ಲೀಟರಿನ ಕ್ಯಾನ್ ತುಂಬಿ ಅವನ ಕೈಗೆ ಕೊಟ್ಟೆ. "ಇದು ಗಾಡೀ ನೀರು. ದಾರ್ಯಾಗ ಯಾರು ಕೈ ಒಡ್ಡಿದ್ರೂ ಕುಡಿಯಾಕ ಕೊಡಬ್ಯಾಡ. ಈ ನೀರು ಮುಗೀತಂದ್ರ ನೀನೂ ಅಲ್ಲೇ ಮುಗಿದಂಗ, ತಿಳೀತಿಲ್ಲ?" ಅಂದೆ. ನಗುನಗುತ್ತಲೇ ಅಂದೆ. ಅವನೂ ನಕ್ಕು ತಲೆಯಾಡಿಸಿದ.

ನನಗೆ ತಿಳಿಹೇಳುವವರು ಇರಲಿಲ್ಲ ಎಂದಲ್ಲ. ಶರಣಪ್ಪ ಮಾಸ್ತರು ಎಂದು ಲಿಂಗಸುಗೂರಿನಲ್ಲಿ ಹುಡುಗರಿಗೆ ಮೋಟಾರು ಕೆಲಸ ಕಲಿಸುವವರು. ತೆಳ್ಳಗಿನ ಮನುಷ್ಯ, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಜೇಬಿನಲ್ಲಿ ಸದಾ ಒಂದು ಸಣ್ಣ ಸ್ಕ್ರೂ ಡ್ರೈವರ್. ವಾರದ ಮೇಲೆ ತಮ್ಮ ಸ್ಕೂಟರಿನ ಕೆಲಸಕ್ಕೆ ಶೆಡ್ಡಿಗೆ ಬಂದಿದ್ದರು. ಹುಸೇನಪ್ಪನೂ ಕಾರು ತೊಳೆಸಿಕೊಂಡು ಅಲ್ಲೇ ಇದ್ದ. ಮಾತಿಗೆ ಮಾತು ಬಂದು ನಾನು ಕಂಪ್ಯೂಟರ್ ಗಾಡಿಗೆ ಗೋಣಿತಟ್ಟಿನ ಚಿಕಿತ್ಸೆ ಮಾಡಿದ ಕತೆ ಹೇಳಿ ಮೀಸೆ ತಿರುವಿದೆ. ಮಾಸ್ತರು ನಗಲಿಲ್ಲ.

"ಬಂದ್ ಬಿದ್ದಾಗ ಒಂದು ಪ್ಲಗ್ ಬಿಚ್ಚಿ ಕಿಡಿ ನೋಡಿದ್ಯೇನು ವಿರುಪಾಕ್ಷಿ?"

"ಅದ್ಯಾಕ್ರಿ? ಪೆಟ್ರೋಲ್ ಗಾಳಿ ಕಟ್ಟಿದ್ದು ಕಣ್ಣಿಗೇ ಕಾಣತೈತಿ."

"ಪೆಟ್ರೋಲ್ ಗಾಳಿ ಕಟ್ಟಿದ್ರ ಕಿಡಿ ಇರಬೇಕಲ್ಲ. ಕಿಡೀನೂ ಇಲ್ಲ, ಪೆಟ್ರೋಲೂ ಇಲ್ಲ ಅಂದ್ರ ಬ್ಯಾರೇನೇ ಐತಿ." ಅವರು ನೆಲದ ಮೇಲೆ ಕೂತು ಸ್ಕ್ರೂ ಡ್ರೈವರಿನಿಂದ ಒಂದು ಚಕ್ರ ಗೀರಿದರು. "ಎಂಜಿನ್ ಜತಿ ಹಿಂಗೊಂದು ಹಲ್ಲಿನ ಚಕ್ರ ತಿರಗತೈತಿ. ಬಾಜೂಕ ಬೆರಳುದ್ದದ್ದೊಂದು ಸೆನ್ಸರ್ ಕುಂತಿರತೈತಿ. ಒಳಗ ಅಯಸ್ಕಾಂತ, ತಾಮ್ರದ ಸುತ್ತು. ಹಲ್ಲು ಒಂದೊಂದು ದಾಟಿದಂಗ ಅದು ಕಂಪ್ಯೂಟರಿಗೆ ಒಂದೊಂದು ಸನ್ನಿ ಮಾಡತೈತಿ. ಚಕ್ರದಾಗ ಒಂದು ಜಾಗಾದಾಗ ಬೇಕಂತ ಹಲ್ಲು ಬಿಟ್ಟಿರತಾರ. ಆ ಖಾಲಿ ಜಾಗಾ ಬಂತಂದ್ರ ಕಂಪ್ಯೂಟರಿಗೆ ಪಿಸ್ಟನ್ ಎಲ್ಲೈತಿ ಅಂತ ಗೊತ್ತಾಗತೈತಿ. ಅಲ್ಲಿಂದ ಎಣಿಸಿ ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಅಂತ ಹುಕುಂ ಕೊಡತೈತಿ. ನೀ ಕಿವಿಲೆ ಮಾಡೋ ಕೆಲಸಾನ ಅದು ಹಲ್ಲೆಣಿಸಿ ಮಾಡತೈತಿ."

"ಹಲ್ಲೆಣಿಸಿ ನೋಡಾಕ ಇದೇನ್ ಸಂತ್ಯಾಗಿನ ಎತ್ತೇನ್ರಿ ಮಾಸ್ತರ?" ಅಂದೆ. ಶೆಡ್ಡಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ಮಾಸ್ತರು ಪಟ್ಟು ಬಿಡಲಿಲ್ಲ. ಸೆನ್ಸರಿನೊಳಗಿನ ತಂತಿ ಕೂದಲಿಗಿಂತ ಸಣ್ಣದು, ಎಲ್ಲಾದರೂ ಬಿರುಕು ಬಿಟ್ಟಿದ್ದರೆ ತಣ್ಣಗಿದ್ದಾಗ ಕೂಡಿರುತ್ತದೆ, ಕಾದಾಗ ಅಗಲುತ್ತದೆ ಎಂದರು. ಸೆನ್ಸರ್ ಸನ್ನೆ ನಿಲ್ಲಿಸಿದರೆ ಕಂಪ್ಯೂಟರಿನ ಲೆಕ್ಕಕ್ಕೆ ಎಂಜಿನ್ ತಿರುಗುತ್ತಲೇ ಇಲ್ಲ. ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ.

ಹುಸೇನಪ್ಪ ಇಬ್ಬರ ಮುಖವನ್ನೂ ನೋಡಿದ. "ರಾಯಚೂರಿಗೆ ಒಯ್ದು ತೋರಸ್ಲೇನು? ಸಾಹುಕಾರ್ರು ಬ್ಯಾಡ ಅನ್ನಂಗಿಲ್ಲ. ದುರುಗೀಗೂ ದಿನ ತುಂಬ್ಯಾವ, ಗಾಡಿ ಜರಾ ಗಟ್ಟಿ ಇದ್ರ ಛಲೋ."

"ನಾ ಹೇಳಿದ ಮ್ಯಾಲೆ ನಿನಗ ರಾಯಚೂರು ಯಾಕ ಬೇಕಲೇ?" ಅಂದೆ.

ಅವನು ಮತ್ತೆ ಕಾರಿನ ಗಾಜು ಒರೆಸತೊಡಗಿದ. ಮಾಸ್ತರ ಮಾತು ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ತಿಳಿದಿತ್ತು. ಅಷ್ಟು ಮಂದಿಯ ಎದುರು ನನ್ನ ಕಿವಿಯ ಕೆಲಸವನ್ನು ಬೆರಳುದ್ದದ ಒಂದು ವಸ್ತು ಮಾಡುತ್ತದೆ ಎಂದರಲ್ಲ, ಅದು ಚುಚ್ಚಿತ್ತು. ಒಂದು ಪ್ಲಗ್ ಬಿಚ್ಚಿ ನೋಡಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷ ನಾನು ಕೊಡಲಿಲ್ಲ.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ದುರುಗಮ್ಮ ಮಸ್ಕಿಯ ಮನೆಯಲ್ಲೇ ಹೆತ್ತಳು. ಹೆಣ್ಣು ಮಗು. ಹೆರಿಗೆ ಸಲೀಸಾಗಿ ಆಯಿತೆಂದು ಎಲ್ಲರೂ ಸಕ್ಕರೆ ಹಂಚುತ್ತಿರುವಾಗ ರಕ್ತ ನಿಲ್ಲುತ್ತಿಲ್ಲ ಎಂಬುದು ಗೊತ್ತಾಯಿತು. ನರ್ಸಮ್ಮ ಬಂದು ನೋಡಿ, ತಡಮಾಡಬೇಡಿ, ಲಿಂಗಸುಗೂರಿನ ದವಾಖಾನೆಗೆ ನಡೆಯಿರಿ ಎಂದಳು. ಸಾಹುಕಾರರು ಮರುಮಾತಿಲ್ಲದೆ ಕಾರಿನ ಚಾವಿ ಕೊಟ್ಟರು. ಮಗುವನ್ನು ನೆರೆಮನೆಯವರ ಕೈಯಲ್ಲಿಟ್ಟು ಹೊರಟಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಹುಸೇನಪ್ಪ ಗಾಡಿ ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ದುರುಗಮ್ಮ, ಅವಳ ತಲೆ ತಾಯಿ ಅಮರಮ್ಮನ ತೊಡೆಯ ಮೇಲೆ. ನಾನು ಆ ಹೊತ್ತಿಗೆ ಮುಕ್ಕುಂದದ ಗದ್ದೆಯಲ್ಲಿ ಒಂದು ಕೊಯ್ಲು ಯಂತ್ರದ ಅಡಿಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದೆ. ಮುಂದಿನದನ್ನು ನನಗೆ ಹೇಳಿದವಳು ಅಮರಮ್ಮ.

ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ನಮ್ಮ ಕಡೆಯ ಹಸಿರು ಇಲ್ಲ. ಒಣ ಹೊಲ, ಕಲ್ಲು, ಜಾಲಿ. ಹಳ್ಳಗಳಲ್ಲಿ ಬರೀ ಮರಳು. ಅಲ್ಲಿ ಗಾಡಿ ಮೊದಲ ಸಲ ನಿಂತಿತು. ಹುಸೇನಪ್ಪ ಗಾಬರಿಯಾಗಲಿಲ್ಲ. "ಏನಾಗಂಗಿಲ್ಲ ಅತ್ತಿ, ವಿರುಪಾಕ್ಷಿ ತೋರಿಸ್ಯಾನ," ಎಂದು ತಟ್ಟು ತೋಯಿಸಿ ಹಾಕಿದ. ಸ್ವಲ್ಪ ಹೊತ್ತಿಗೆ ಚಾಲೂ ಆಯಿತು. ಒಂದು ಮೈಲು ಹೋಗಿ ಮತ್ತೆ ನಿಂತಿತು. ಮತ್ತೆ ನೀರು. ಮೂರನೆಯ ಸಲ ನಿಂತಾಗ ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಕ್ಯಾನಿನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

ರಕ್ತ ಹೋದವರಿಗೆ ವಿಪರೀತ ದಾಹವಾಗುತ್ತದಂತೆ. ದುರುಗಮ್ಮ ಮೊದಲಿನಿಂದಲೂ ನೀರು ಕೇಳುತ್ತಿದ್ದಳು. ಹಸಿ ಬಾಣಂತಿಗೆ ತಣ್ಣೀರು ಕುಡಿಸಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಅಮರಮ್ಮ ಅದನ್ನೇ ಹೇಳಿ ಅವಳನ್ನು ಸುಮ್ಮನಿರಿಸಿದ್ದಳು. ಮೂರನೆಯ ಸಲ ನಿಂತಾಗ ಮಗಳ ತುಟಿ ಬಿಳಚಿದ್ದು ನೋಡಿ ಆ ಮುದುಕಿಯೇ ಅಂದಳು: "ಹೋಗ್ಲಿ ಕೊಡಪ್ಪ, ಬಾಯಿ ಆರೇತಿ." ಹುಸೇನಪ್ಪ ಕ್ಯಾನ್ ಹಿಡಿದು ನಿಂತಿದ್ದ. "ಇದು ಗಾಡೀ ನೀರು ಅತ್ತಿ. ಇದು ಮುಗದ್ರ ಗಾಡಿ ಹೋಗಂಗಿಲ್ಲ," ಅಂದ. ಮುಚ್ಚಳದಲ್ಲಿ ಒಂದು ಗುಟುಕು ಮಾತ್ರ ಅವಳ ಬಾಯಿಗೆ ಹಾಕಿದ. ಅವಳು ಇನ್ನೊಂದಿಷ್ಟು ಎಂದು ಕೈ ಚಾಚಿದಳಂತೆ. ಉಳಿದದ್ದನ್ನೆಲ್ಲ ಅವನು ಗೋಣಿತಟ್ಟಿಗೆ ಸುರಿದ. ಆ ಉರಿಬಿಸಿಲಿನಲ್ಲಿ ಎಂಜಿನ್ ಆರಲೇ ಇಲ್ಲ, ಗಾಡಿ ಚಾಲೂ ಆಗಲಿಲ್ಲ. ಭತ್ತದ ಚೀಲ ಹೇರಿಕೊಂಡು ಹೊರಟ ಒಂದು ಲಾರಿ ಆ ದಾರಿಯಲ್ಲಿ ಬರುವ ಹೊತ್ತಿಗೆ ಒಂದು ತಾಸಿಗೂ ಮೇಲಾಗಿತ್ತು. ಲಾರಿಗೆ ಏರಿಸಿದರು. ಲಿಂಗಸುಗೂರಿನ ಮನೆಗಳು ಕಾಣುವಾಗ ದುರುಗಮ್ಮನ ಉಸಿರು ನಿಂತಿತ್ತು.

ಸುದ್ದಿ ತಿಳಿದು ನಾನು ಮಸ್ಕಿಗೆ ಹೋದಾಗ ಮಣ್ಣು ಮಾಡಲು ಒಯ್ಯುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಣೆಬರಹ ಎಂದರು, ಆಕೆ ಪಡೆದುಬಂದದ್ದು ಇಷ್ಟೇ ಎಂದರು. ಹುಸೇನಪ್ಪ ನನ್ನ ಕೈ ಹಿಡಿದುಕೊಂಡು ನಿಂತ. ಒಳಗೆ ಅಮರಮ್ಮ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮಗುವಿನ ಬಾಯಿಗೆ ಇಡುತ್ತಿದ್ದಳು. ಅಂದೇ ಅವಳು ಅಳುತ್ತ ನನಗೆ ಎಲ್ಲವನ್ನೂ ಹೇಳಿದ್ದು. ಯಾರು ಕೈ ಒಡ್ಡಿದರೂ ಕೊಡಬೇಡ ಎಂದವನು ನಾನು.

ಆದರೂ ಮನಸ್ಸು ಎಷ್ಟು ಕಳ್ಳ ನೋಡಿ. ಪೆಟ್ರೋಲೇ ಗಾಳಿ ಕಟ್ಟಿರಬಹುದು, ಬಿಸಿಲು ಹೆಚ್ಚಿತ್ತು, ನೀರು ಕಡಿಮೆಯಾಯಿತು ಎಂದು ಅದು ಪಿಸುಗುಡುತ್ತಲೇ ಇತ್ತು. ನಾಲ್ಕು ದಿನ ನಿದ್ದೆಯಿಲ್ಲ. ಐದನೆಯ ದಿನ ಸಾಹುಕಾರರ ಮನೆಗೆ ಹೋಗಿ, ರಸ್ತೆಯಿಂದ ಎಳೆದು ತಂದು ನಿಲ್ಲಿಸಿದ್ದ ಆ ಕಾರಿನ ಅಡಿಗೆ ಮಲಗಿದೆ. ಹಲ್ಲಿನ ಚಕ್ರ ಅಲ್ಲಿತ್ತು, ಪಕ್ಕದಲ್ಲಿ ಸೆನ್ಸರ್. ಒಂದೇ ಬೋಲ್ಟು. ಅದನ್ನು ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ಲಿಂಗಸುಗೂರಿನ ಬಸ್ ಹತ್ತಿದೆ.

ಶರಣಪ್ಪ ಮಾಸ್ತರು ನನ್ನನ್ನು ಕೂಡಿಸಿ ನೀರು ಕೊಟ್ಟರು. ನನ್ನಿಂದ ಕುಡಿಯಲಾಗಲಿಲ್ಲ. ಅವರು ಸೆನ್ಸರಿನ ಎರಡು ತುದಿಗಳಿಗೆ ಮೀಟರಿನ ತಂತಿ ಹಚ್ಚಿದರು. ಮುಳ್ಳು ಎದ್ದು ನಿಂತಿತು. "ಈಗ ತಣ್ಣಗೈತಿ, ತಂತಿ ಕೂಡೇತಿ," ಅಂದರು. ಸೀಮೆಎಣ್ಣೆ ಸ್ಟೋವಿನ ಮೇಲೆ ಒಂದು ಬಟ್ಟಲಲ್ಲಿ ಎಂಜಿನ್ ಆಯಿಲ್ ಕಾಯಿಸಿ, ತಂತಿಗಳು ಹಚ್ಚಿದ್ದಂತೆಯೇ ಸೆನ್ಸರನ್ನು ಅದರಲ್ಲಿ ಇಳಿಬಿಟ್ಟರು. ನಾನು ಮುಳ್ಳನ್ನೇ ನೋಡುತ್ತಿದ್ದೆ. ದೇವರೇ, ಇದು ಕದಲದೆ ಹೀಗೇ ನಿಲ್ಲಲಿ ಎಂದು ಬೇಡಿಕೊಂಡೆ. ಎಣ್ಣೆ ಕಾಯುತ್ತ ಬಂದಂತೆ ಮುಳ್ಳು ಒಮ್ಮೆ ನಡುಗಿ ಪಕ್ಕಕ್ಕೆ ಮಲಗಿತು. ಹೊರಗೆ ತೆಗೆದು ಆರಿಸಿದರು, ಎದ್ದಿತು. ಮತ್ತೆ ಮುಳುಗಿಸಿದರು, ಮಲಗಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಬುದ್ಧಿ ಒಬ್ಬಳನ್ನು ಕೊಂದು ಬಂದಿತ್ತು.

"ಎಷ್ಟು ನೀರು ಸುರದಿದ್ರೂ ಚಾಲೂ ಆಗತಿದ್ದಿಲ್ಲಲ್ರೀ ಮಾಸ್ತರ?"

"ಪೈಪಿಗೆ ಸುರದ್ರ ಏನೂ ಆಗತಿದ್ದಿಲ್ಲ. ರೋಗ ಅಲ್ಲಿ ಇರಲಿಲ್ಲ."

"ಹುಸೇನಪ್ಪಗ ಹೇಳತೀನಿ," ಅಂದೆ.

ಮಾಸ್ತರು ಸ್ಟೋವ್ ಆರಿಸಿದರು. "ಹೇಳಿದ್ರ ನಿನಗ ಹಗುರಾಗತೈತಿ," ಅಂದರು. "ಅವಗ ಏನಾಗತೈತಿ, ವಿಚಾರ ಮಾಡು."

ವಿಚಾರ ಮಾಡಿದೆ. ದಾರಿಯುದ್ದಕ್ಕೂ ಅದೇ ವಿಚಾರ. ಒಂದು ಸಲ ಹೇಳಲೇಬೇಕು ಅನ್ನಿಸುತ್ತಿತ್ತು, ಇನ್ನೊಂದು ಸಲ ಬಾಯಿ ಹೊಲಿದುಕೊಂಡು ಸಿಂಧನೂರಿಗೆ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಕಾಲುಗಳು ತಾವೇ ಇಳಿದವು.

ಹುಸೇನಪ್ಪ ಮನೆಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಗಡ್ಡ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಮಾತಾಡಿದ, ನನಗಾಗಿಯೇ ಕಾದು ಕೂತವನ ಹಾಗೆ.

"ವಿರುಪಾಕ್ಷಿ, ನಿನಗ ಒಂದು ಖರೆ ಹೇಳ್ಬೇಕು. ನಿನ್ನ ಮಾತು ಮೀರಿದೆ ನಾನು. ಆ ನೀರಿನಾಗ ಆಕಿಗೆ ಒಂದು ಗುಟುಕು ಕೊಟ್ಟೆ. ಕೊಡಬ್ಯಾಡ ಅಂದಿದ್ದಿ ನೀ. ನೀರು ಕಡಿಮಿ ಬಿತ್ತು, ಗಾಡಿ ಹೋಗಲಿಲ್ಲ. ಆ ಒಂದು ಗುಟುಕು ಉಳಿಸಿದ್ರ ದುರುಗಿ ಉಳೀತಿದ್ದಳೇನೋ. ದಿನಾ ಅದನ್ನೇ ಎಣಿಸಾಕತ್ತೀನಿ. ನೀನೇ ಹೇಳು, ನೀ ಮೇಸ್ತ್ರಿ. ಉಳೀತಿದ್ದಳೇನು?"

ಅವನು ಹೊತ್ತ ಪಾಪ ಅವನದಾಗಿರಲಿಲ್ಲ. ಅದನ್ನು ಇಳಿಸದೆ ಹೋದರೆ ನಾನು ಮನುಷ್ಯನಲ್ಲ ಅನ್ನಿಸಿತು. ಅವನ ಪಕ್ಕ ಕೂತು ಎಲ್ಲ ಹೇಳಿದೆ. ಸೆನ್ಸರ್ ಸತ್ತದ್ದು, ಮಾಸ್ತರು ಅಂದು ಅವನೆದುರೇ ಹೇಳಿದ್ದು ನಿಜವಾದದ್ದು, ನಾನು ಅದನ್ನು ನಗೆಗೆ ಹಾಕಿದ್ದು, ಕಾದ ಎಣ್ಣೆಯಲ್ಲಿ ಮುಳ್ಳು ಮಲಗಿದ್ದು. "ನೀ ಕೊಟ್ಟ ಗುಟುಕಿನಿಂದ ಏನೂ ಆಗಿಲ್ಲೋ ಹುಸೇನಿ. ತಪ್ಪೆಲ್ಲ ನಂದು. ಆ ಗಾಡಿಗೆ ನೀರು ಬೇಕಾಗೇ ಇರಲಿಲ್ಲ. ಕೆರಿ ತಂದು ಸುರದಿದ್ರೂ ಅದು ಹೋಗತಿದ್ದಿಲ್ಲ," ಅಂದೆ.

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಎಂದೇ ಮುಖ ಅವನ ಕಡೆ ತಿರುಗಿಸಿ ಕೂತಿದ್ದೆ. ಅವನು ನನ್ನನ್ನು ನೋಡಲಿಲ್ಲ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ಬೀದಿಯ ಕಡೆ ನೋಡುತ್ತಿದ್ದ.

"ಹಂಗಾದ್ರ," ಅಂದ, "ಅಷ್ಟೂ ನೀರು ಆಕಿಗೇ ಕುಡಿಸಬಹುದಿತ್ತಲ್ಲೋ."